ಗಾಡಿ ಬರದ ದಾರಿಗೆ ಎರಡು ಸೈಕಲ್ಲು

ಐವತ್ತು ದಾಟಿದ ಇಬ್ಬರು ಹೆಂಗಸರು ಸೈಕಲ್ ಹತ್ತಿ ಊರ ಹೊರಗೆ ಹೋದರೆ, ತಿರುಗಿ ಮನೆ ಮುಟ್ಟುವಷ್ಟರಲ್ಲಿ ಏನಾದರೊಂದು ತಂಟೆ ಆಗಿಯೇ ತೀರುತ್ತದೆ. ಆಗದ ರವಿವಾರ ನನಗಂತೂ ನೆನಪಿಲ್ಲ.

ನಾನು ಚಿಕ್ಕೋಡಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುವಾಕಿ. ಜೊತೆಗಾತಿ ನಮ್ಮ ಓಣಿಯ ಸಿಸ್ಟರ್, ಮೂವತ್ತು ವರ್ಷ ದವಾಖಾನೆಯಲ್ಲಿ ಹೆರಿಗೆ ಮಾಡಿಸಿ ನಿವೃತ್ತಿಯಾದವರು. ವಾರವೆಲ್ಲ ಕಿವಿಗೆ ಹಾರ್ನು ಬಡಿಸಿಕೊಂಡು ಸಾಕಾಗಿ, ರವಿವಾರ ಮುಂಜಾನೆ ಗಾಡಿಗಳಿಲ್ಲದ ದಾರಿ ಹುಡುಕಿಕೊಂಡು ಹೋಗೋಣ ಎಂದು ಇಬ್ಬರೂ ಠರಾಯಿಸಿದೆವು. ನಮ್ಮ ಕಡೆ ನದಿಗಳಿಗೆ ಬರವಿಲ್ಲ, ನಿಪ್ಪಾಣಿ ಬದಿಗೆ ಗುಡ್ಡಗಳೂ ಇವೆ. ಇಷ್ಟು ಸಣ್ಣ ಆಸೆಗೆ ಯಾರು ಅಡ್ಡ ಬರುತ್ತಾರೆ ಅಂದುಕೊಂಡಿದ್ದೆವು. ಎಲ್ಲರೂ ಬಂದರು.

೧. ದಾರಿ ಕೇಳಿದ್ದು

ಮಳೆಗಾಲದ ಒಂದು ಮುಂಜಾನೆ ಏಕಸಂಬಿ ಹತ್ತಿರ ಚಹಾದಂಗಡಿ ಮುಂದೆ ನಿಂತು ಕೇಳಿದೆ: "ಅಣ್ಣಾರ, ಹೊಳಿ ಕಡೆ ಹೋಗಾಕ ಗಾಡಿ ಬರದಂಥ ದಾರಿ ಯಾವುದೈತ್ರಿ?"

"ಅದ್ಯಾಕ್ರಿ? ಇದ ದಾರಿ ಹಿಡೀರಿ. ಬಸ್ಸು, ಕಾರು, ಟ್ರ್ಯಾಕ್ಟರ್, ಎಲ್ಲಾ ಇದರಾಗ ಹೊಕ್ಕಾವ," ಎಂದ ಅಂಗಡಿಯವನು.

"ಅದಕ್ಕ ಇದು ಬ್ಯಾಡ ಅನ್ನಾಕತ್ತೀವಿ," ಎಂದರು ಸಿಸ್ಟರ್.

ನಾಲ್ಕು ಮಂದಿ ಕೂಡಿದರು. ಒಬ್ಬ, ಬಲಗಡೆ ಊರಿನ ರಸ್ತೆಯಲ್ಲಿ ಗಾಡಿ ಕಡಿಮೆ ಎಂದ. ಆ ಊರಿನವನೊಬ್ಬ ಅಲ್ಲೇ ಚಹಾ ಕುಡಿಯುತ್ತಿದ್ದ. ಬಶಿ ಕೆಳಗಿಟ್ಟು ಎದ್ದ. "ನಮ್ಮೂರಿಗೆ ಗಾಡಿ ಬರಂಗಿಲ್ಲಂತೀಯೇನಲೇ? ನಮ್ಮ ಓಣಿ ಒಂದರಾಗ ಏಳು ಕಾರ್ ಅದಾವ!"

ಜಗಳ ಹತ್ತುವ ಲಕ್ಷಣ ಕಂಡು, ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. "ಎಡಗಡಿ ರಸ್ತೆ ಹಿಡೀರಿ. ಒಂದ ಗಾಡಿ ಬಂದ್ರ ನನ್ನ ಕೇಳ್ರಿ."

ಹೋದೆವು. ನಿಜಕ್ಕೂ ಒಂದೂ ಗಾಡಿ ಇಲ್ಲ. ಎರಡೂ ಬದಿ ಕಬ್ಬು, ತಂಪು ಗಾಳಿ. ಸಿಸ್ಟರ್ ಹಾಡು ಬೇರೆ ಶುರು ಮಾಡಿದರು. ನಾಲ್ಕು ಕಿಲೋಮೀಟರ್ ಆದ ಮೇಲೆ ರಸ್ತೆ ಸೀದಾ ಕೆಂಪು ನೀರೊಳಗೆ ಇಳಿದು ಕಾಣೆಯಾಯಿತು. ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವನು ಹೇಳಿದ: "ಬ್ರಿಜ್ ಮುಳುಗಿ ಎಂಟ ದಿನ ಆತಲ್ರಿ. ದೂಧಗಂಗಾ ಇಳದ ಮ್ಯಾಲ ಬರ್ರಿ."

ಸುಸ್ತಾಗಿ, ಸಿಟ್ಟಾಗಿ ಚಹಾದಂಗಡಿಗೆ ವಾಪಸು ಬಂದೆವು. ನಾವು ಬಾಯಿ ತೆರೆಯುವ ಮೊದಲೇ ಆ ಹಿರಿಯರು ಹೆಮ್ಮೆಯಿಂದ ಕೇಳಿದರು: "ಬಂತೇನ್ರಿ, ಒಂದರ ಗಾಡಿ?"

೨. ಏರು

ಅಕ್ಕೋಳದ ಆಚೆ ಒಂದು ಏರು ಇದೆ. ಅಲ್ಲಿ ನಾವು ಸೈಕಲ್ ತುಳಿಯುವುದಿಲ್ಲ, ತಳ್ಳುತ್ತೇವೆ. ಒಮ್ಮೆ ಏದುಸಿರು ಬಿಡುತ್ತ ಹೋಗುವಾಗ, ತಲೆಯ ಮೇಲೆ ದೊಡ್ಡ ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕಿ ಹಿಂದಿನಿಂದ ಬಂದು ನಮ್ಮನ್ನು ದಾಟಿದಳು. ದಾಟಿದವಳು ನಿಂತಳು.

"ಪಂಚರ್ ಆಗೇತೇನ ಯವ್ವಾ?"

"ಇಲ್ಲ ಆಯಿ, ಏರು ಐತೆಲ್ಲಾ, ಅದಕ್ಕ."

"ಮತ್ತ ಇಳಿಜಾರದಾಗ?"

"ಇಳಿಜಾರದಾಗ ತಾನ ಓಡತೈತಿ."

ಮುದುಕಿ ಲೆಕ್ಕ ಹಾಕಿದಳು. "ಅಂದ್ರ ಏರಿನ್ಯಾಗ ನೀವು ಅದನ್ನ ಒಯ್ತೀರಿ, ಇಳಿಜಾರದಾಗ ಅದು ನಿಮ್ಮನ್ನ ಒಯ್ತೈತಿ. ಮನ್ಯಾಗ ಇದ್ದಿದ್ರ ಇಬ್ಬರಿಗೂ ಆರಾಮ ಇರತಿತ್ತಲ್ಲ?"

ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದ ನಾನು ಆ ಲೆಕ್ಕದಲ್ಲಿ ತಪ್ಪು ಹುಡುಕತೊಡಗಿದೆ. ಹುಡುಕುತ್ತಿರುವಾಗಲೇ ಆಕೆ ಹೊರೆ ಇಳಿಸಿ ನನ್ನ ಕ್ಯಾರಿಯರ್ ಮೇಲೆ ಇಟ್ಟಳು. "ಹೆಂಗೂ ತಳ್ಳಾಕತ್ತೀರಿ, ಇದೂ ಒಂದ ಇರಲಿ." ಆಮೇಲೆ ಎರಡೂ ಕೈ ಬೀಸುತ್ತ ಮುಂದೆ ನಡೆದಳು. ಗುಡ್ಡದ ನೆತ್ತಿಯಿಂದ ಕೂಗಿದ್ದು ಕೇಳಿಸಿತು: "ಲಗೂನ ಬರ್ರಿ ಯವ್ವಾ, ಆಕಳ ಹಸದೈತಿ!"

೩. ಬೆಂಗಾವಲು

ಕೊಗನೊಳ್ಳಿ ಕಡೆ ನಾಯಿಗಳ ಕಾಟ ಬಹಳ ಎಂದು ಯಾರೋ ನಮ್ಮ ಮನೆಯವರ ತಲೆಯಲ್ಲಿ ತುಂಬಿದರು. ಮುಂದಿನ ರವಿವಾರ ಅವರು ಮೋಟರ್ ಸೈಕಲ್ ತೆಗೆದರು. "ನೀವು ಆರಾಮ ಹೋಗ್ರಿ. ನಾ ಹಿಂದ ಇರತೀನಿ."

ಹಿಂದೆ ಅಂದರೆ ಹತ್ತು ಹೆಜ್ಜೆ ಹಿಂದೆ. ನಮ್ಮ ವೇಗಕ್ಕೆ ಸರಿಹೊಂದಿಸಲು ಎರಡನೇ ಗೇರಿನಲ್ಲಿ ಗುರ್ರ್ ಅನ್ನಿಸುತ್ತ, ತಿರುವು ಬಂದಲ್ಲೆಲ್ಲ ಹಾರ್ನು ಒತ್ತುತ್ತ ಬಂದರು. ಸುತ್ತ ಮೂರು ಕಿಲೋಮೀಟರಿನಲ್ಲಿ ಇದ್ದ ಗಾಡಿ ಅದೊಂದೇ. ಅದರ ಹೊಗೆಯೆಲ್ಲ ನಮಗೇ.

"ಅಕ್ಕಾರ, ಹೈವೇದಾಗ ಹೋಗಿದ್ರ ಇದಕ್ಕಿಂತ ಶಾಂತ ಇರತಿತ್ತು," ಎಂದರು ಸಿಸ್ಟರ್.

ಒಂದು ತೋಟದ ಮನೆ ಹತ್ತಿರ ನಾಯಿಗಳು ಬಂದೇ ಬಂದವು. ನಾಲ್ಕಿದ್ದವು. ನಾವಿಬ್ಬರೂ ಸೈಕಲ್ ಇಳಿದು ಸುಮ್ಮನೆ ನಿಂತೆವು. ನಮ್ಮನ್ನು ಮೂಸಿ ಕೂಡ ನೋಡದೆ ಅವು ಸೀದಾ ಮೋಟರ್ ಸೈಕಲ್ಲಿಗೆ ಹೊರಳಿದವು. ನಮ್ಮ ಮನೆಯವರು ಎರಡೂ ಕಾಲು ಪೆಟ್ರೋಲ್ ಟಾಕಿಯ ಮೇಲಕ್ಕೆತ್ತಿ, "ಹೆದರಬ್ಯಾಡ್ರಿ!" ಎಂದು ಕೂಗುತ್ತ ನಮ್ಮನ್ನು ದಾಟಿ, ಧೂಳಿನಲ್ಲಿ ಮಾಯವಾದರು. ನಾಯಿಗಳೂ ಹಿಂದೆಯೇ ಹೋದವು.

ಎರಡು ಕಿಲೋಮೀಟರ್ ಮುಂದೆ, ಒಂದು ಗುಡಿಯ ಕಟ್ಟೆಯ ಮೇಲೆ ಬೆವರೊರೆಸಿಕೊಳ್ಳುತ್ತ ಕೂತಿದ್ದರು.

"ನಮ್ಮನ್ನ ಬಿಟ್ಟ ಓಡಿ ಬಂದ್ರೆಲ್ಲಾ?" ಎಂದೆ.

"ಓಡಿ ಬಂದೆ ಅಂದ್ರ? ನಿಮ್ಮ ಬೆನ್ನ ಹತ್ತಬಾರದಂತ ನಾನ ಬೆನ್ನ ಹತ್ತಿಸಿಕೊಂಡ ಬಂದೇನಿ!"

೪. ನಮ್ಮ ರಸ್ತೆ

ಕೊನೆಗೂ ರಾಯಬಾಗ ಕಡೆ ಒಂದು ಕಾಲುವೆ ದಂಡೆ ಸಿಕ್ಕಿತು. ಆರು ಕಿಲೋಮೀಟರ್ ಮಣ್ಣುದಾರಿ, ಸಾಲಿಗೆ ಬೇವಿನ ಗಿಡ. ನಡುವೆ ಒಂದು ಮೋರಿ ಕುಸಿದಿದ್ದರಿಂದ ಗಾಡಿ ಹೋಗಲು ಸಾಧ್ಯವೇ ಇಲ್ಲ. ನಾವು ಸೈಕಲ್ ಎತ್ತಿಕೊಂಡು ದಾಟುತ್ತಿದ್ದೆವು. ಆ ಮೋರಿಯನ್ನು ಕೆಡವಿದ ಮಳೆಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆವು.

ಮೂರನೇ ರವಿವಾರ ಅಲ್ಲಿಯ ಕಬ್ಬಿನ ಹೊಲದ ಗೌಡರು ಎದುರಾದರು. ನಮ್ಮ ತಲೆಯ ಮೇಲೆ ಹೆಲ್ಮೆಟ್ಟು, ಹ್ಯಾಂಡಲಿಗೆ ಮೊಬೈಲು ನೋಡಿ ಕೈ ಜೋಡಿಸಿದರು. "ರಸ್ತೆ ಅಳಿಯಾಕ, ಮೋಜಣಿಗೆ ಬಂದೀರೇನ್ರಿ?"

"ಇಲ್ರಿ, ಸುಮ್ಮನ ಬಂದೀವಿ."

"ಸುಮ್ಮನ ಯಾರ ಬರ್ತಾರ್ರಿ ಇಲ್ಲಿ?" ಎಂದವರು ನಕ್ಕು, ಚಹಾ ತರಿಸಿದರು. ಹೆಂಗಸರಿಗೆ ಬಸ್ಸು ಫುಕಟ್ ಇರುವಾಗ ಸರ್ಕಾರದ ಕೆಲಸವಿಲ್ಲದೆ ಯಾರೂ ಸೈಕಲ್ ತುಳಿಯುವುದಿಲ್ಲ ಎಂಬುದು ಅವರ ಖಾತ್ರಿ. ಹೋಗುವಾಗ ಒಂದು ವಹಿ ಮುಂದೆ ಹಿಡಿದರು. "ರಸ್ತೆ ಬಗ್ಗೆ ನಿಮ್ಮ ಅಭಿಪ್ರಾಯ ಬರೀರಿ." ಗೌಡರು ಬಿಡುವ ಪೈಕಿ ಅಲ್ಲ ಎಂದು ಕಂಡು ಸಿಸ್ಟರ್ ಬರೆದೇ ಬಿಟ್ಟರು: 'ಈ ರಸ್ತೆ ಬಹಳ ಮುಖ್ಯವಾದದ್ದು. ಇದನ್ನು ಕಾಪಾಡಬೇಕು.' ನಾನೂ ಸಹಿ ಮಾಡಿ, ಕೆಳಗೆ ಫೋನ್ ನಂಬರು ಹಾಕಿದೆ.

ವರ್ಷ ತುಂಬುವುದರೊಳಗೆ ಗೌಡರ ಫೋನು. "ಅಕ್ಕಾರ, ನೀವು ವಹಿಯೊಳಗ ಬರದದ್ದನ್ನ ರಸ್ತೆ ಅರ್ಜಿಗೆ ಜೋಡಿಸಿದ್ವಿ. ಮೋರಿ ಆತು, ಡಾಂಬರು ಆತು. ರವಿವಾರ ಉದ್ಘಾಟನಾ ಐತಿ. ಸೈಕಲ್ ಮ್ಯಾಲ ಬರಬೇಕು, ಮಂದಿ ನೋಡಬೇಕಂತ."

ಹೋದೆವು. ನಮ್ಮ ಬೇವಿನ ಸಾಲಿನ ಕೆಳಗೆ ಟ್ರ್ಯಾಕ್ಟರ್, ಟೆಂಪೊ, ಲೆಕ್ಕವಿಲ್ಲದಷ್ಟು ಮೋಟರ್ ಸೈಕಲ್ಲು. ಶಾಲು ಹೊದಿಸಿದರು. ಗೌಡರು ಮೈಕು ಹಿಡಿದರು. "ಈ ತಾಯಂದಿರು ಸೈಕಲ್ ಹೊತ್ಕೊಂಡ ಮೋರಿ ದಾಟೂದು ನಾನ ಕಣ್ಣಾರೆ ನೋಡೇನಿ. ಹ್ವಾದ ಮಳಿಗಾಲ ನಮ್ಮ ಸೊಸಿನ್ನ ಹೆರಿಗಿಗೆ ಇದ ಮೋರಿ ದಾಟಿಸಿ ಹೊರಸಿನ ಮ್ಯಾಲ ಒಯ್ದಿದ್ವಿ. ಇನ್ನ ಯಾರಿಗೂ ಆ ತ್ರಾಸ ಇಲ್ಲ."

ಅಲ್ಲಿಯ ತನಕ ಹಲ್ಲು ಕಡಿಯುತ್ತ ಕೂತಿದ್ದ ಸಿಸ್ಟರ್ ತಟ್ಟನೆ ತಲೆ ತಗ್ಗಿಸಿದರು. ಹೀಗೆ ಮಂಚದ ಮೇಲೆ ಹೊತ್ತು ತಂದ ಬಸುರಿಯರನ್ನು ಅವರು ಎಷ್ಟು ನೋಡಿದ್ದರೋ. ಕಣ್ಣೊರೆಸಿಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ರಸ್ತೆ ಹೋದ ಹೊಟ್ಟೆಯುರಿ ಹೊಟ್ಟೆಯೊಳಗೇ ಉಳಿಯಿತು.

ಅಷ್ಟರಲ್ಲಿ ಹಾರ ಹಾಕಿಕೊಂಡು ಹೊಸ ಬಸ್ಸು ಬಂತು. "ಮೊದಲ ಬಸ್ಸಿನ್ಯಾಗ ನೀವ ಹೋಗಬೇಕು," ಎಂದು ಗೌಡರ ಹಟ. ಬ್ಯಾಡ್ರಿ, ಬ್ಯಾಡ್ರಿ ಎನ್ನುವುದರೊಳಗೆ ನಾಲ್ಕು ಮಂದಿ ನಮ್ಮ ಸೈಕಲ್ಲುಗಳನ್ನು ಎತ್ತಿ ಬಸ್ಸಿನ ಹಿಂದಿನ ಸೀಟುಗಳ ನಡುವೆ ತುರುಕಿದರು. ಬಸ್ಸು ಹಾರ್ನು ಬಾರಿಸುತ್ತ ನಮ್ಮ ಶಾಂತ ದಾರಿಯ ಮೇಲೆ ಹೊರಟಿತು.

ಕಂಡಕ್ಟರ್ ಬಂದ. ಆಧಾರ್ ಕಾರ್ಡು ನೋಡಿ ನಮ್ಮಿಬ್ಬರಿಗೂ ಫುಕಟ್ ಟಿಕೀಟು ಹರಿದುಕೊಟ್ಟ. ಆಮೇಲೆ ಹಿಂದೆ ಹೋಗಿ ಸೈಕಲ್ಲುಗಳನ್ನು ಬಗ್ಗಿ ಬಗ್ಗಿ ನೋಡಿದ. ನನ್ನದು ಲೇಡೀಸ್ ಸೈಕಲ್ಲು. ಸಿಸ್ಟರ್ ಓಡಿಸುವುದು ಅವರ ಮಗ ಬಿಟ್ಟದ್ದು, ನಡುವೆ ಅಡ್ಡ ಡಂಡಿ ಇರುವಂಥದ್ದು.

ಕಂಡಕ್ಟರ್ ಆ ಡಂಡಿಯ ಮೇಲೆ ಕೈಯಿಟ್ಟು, ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ ಹೇಳಿದ:

"ಸಿಸ್ಟರ್ರ, ನಿಮಗೆಲ್ಲಾ ಫ್ರೀ ಐತ್ರಿ. ಆ ಸೈಕಲ್ಲೂ ಹೆಂಗಸರದೈತಿ, ನಡೀತೈತಿ. ಇದೊಂದು ಗಂಡಸರದು. ಇದಕ್ಕ ಟಿಕೀಟ್ ತಗೀಬೇಕಾಕ್ಕೈತಿ."