ಪಾಳೇಗಾರರ ಎದೆಯ ತೂತಿನ ಬಗ್ಗೆ ಒಂದು ಅರಿಕೆ

ಗವಿಗುಡ್ಡ ಕೋಟೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾದ ಶ್ರೀ ರವೀಂದ್ರ ಅವರಿಗೆ, ತಿಪಟೂರಿನಲ್ಲಿ ಐವತ್ತು ವರ್ಷ ಬಟ್ಟೆ ಹೊಲಿದು ಈಗ ಸೂಜಿಯ ಕಣ್ಣು ಹುಡುಕುವುದರಲ್ಲೇ ಅರ್ಧ ದಿನ ಕಳೆಯುವ ದರ್ಜಿ ಖುದ್ದೂಸನ ಸಾವಿರ ಸಲಾಮುಗಳು.

ಮಾನ್ಯರೇ,

ಕಳೆದ ತಿಂಗಳು ಮೊಮ್ಮಗಳು ಇಕ್ರಾಳ ಜೊತೆ ತಮ್ಮಲ್ಲಿಗೆ ಬಂದಿದ್ದೆ. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಮಖಮಲ್ ಅಂಗಿ ತೊಟ್ಟು ನಿಂತಿದ್ದ ಪಾಳೇಗಾರರ ಮುಂದೆ ಅವಳು ಫಲಕವನ್ನು ಗಟ್ಟಿಯಾಗಿ ಓದಿದಳು: ಅಂಗಿ ಹದಿನೇಳನೇ ಶತಮಾನದ್ದಂತೆ, ಎದೆಯ ಮೇಲಿನ ರಂಧ್ರ ಶತ್ರುವಿನ ಗುಂಡೇಟಂತೆ. ಆ ಅಂಗಿಯನ್ನು ೧೯೮೬ರಲ್ಲಿ ಹೊಲಿದವನು ನಾನೇ ಆದ್ದರಿಂದ, ನನ್ನ ಕೈಕೆಲಸಕ್ಕೆ ಇಷ್ಟು ಬೇಗ ಇಷ್ಟು ವಯಸ್ಸು ಕೊಟ್ಟ ತಮ್ಮ ಇಲಾಖೆಯ ವಿದ್ವತ್ತಿಗೆ ಅಲ್ಲೇ ತಲೆಬಾಗಿದೆ.

ಅಂದು ಸಂಗ್ರಹಾಲಯದ ಉದ್ಘಾಟನೆಯ ಹಿಂದಿನ ದಿನ, ಆಗಿನ ಮೇಲ್ವಿಚಾರಕ ಮರುಳಪ್ಪನವರು ನನ್ನ ಅಂಗಡಿಗೆ ಓಡಿಬಂದು, "ಖುದ್ದೂಸ್, ನಾಳೆ ಮಂತ್ರಿಗಳು ಬತ್ತಾರೆ ಕಣಪ್ಪ, ಪಾಳೇಗಾರ ಬರೀ ಮೈಲಿ ನಿಂತವ್ನೆ" ಎಂದರು. ಸಂಜೆಯೊಳಗೆ ನಾನು ಅಂಗಿ ಹೊಲಿದೆ, ನನ್ನ ಹೆಂಡತಿ ಹಬೀಬುನ್ನೀಸಾ ಕೊರಳಪಟ್ಟಿಗೆ ಜರಿ ಕೂರಿಸಿದಳು. ಕೊನೆಗೆ ಇಸ್ತ್ರಿ ಮಾಡುವಾಗ, ಚಹಾ ತಣ್ಣಗಿದೆ ಎಂದು ಅವಳ ಮೇಲೆ ರೇಗುತ್ತಾ ಪೆಟ್ಟಿಗೆಯನ್ನು ಕುಕ್ಕಿದೆ. ತೆಂಗಿನ ಕರಟದ ಕೆಂಡವೊಂದು ಹಾರಿ ಪಾಳೇಗಾರರ ಎದೆ ಸುಟ್ಟಿತು. "ರಫು ಮಾಡ್ಕೊಡ್ತೀನಿ, ಒಂದು ಗಳಿಗೆ ಕೂತ್ಕಳಿ" ಎಂದು ಅವಳು ಸೂಜಿ ಹುಡುಕುವಷ್ಟರಲ್ಲಿ ಮರುಳಪ್ಪನವರು, "ಇರಲಿ ಬುಡಮ್ಮ, ದೂರಕ್ಕೆ ಕಾಣಾಕಿಲ್ಲ" ಎಂದು ಅಂಗಿ ಕಸಿದುಕೊಂಡು ಹೊರಟರು.

ಆ ತೂತು ಅವಳನ್ನು ಬಿಡಲಿಲ್ಲ. ನಮ್ಮ ಅಂಗಡಿಯ ಬಟ್ಟೆ ತೂತಿಟ್ಟುಕೊಂಡು ನಿಂತಿದೆ, ಒಂದು ದಿನ ಕರೆದುಕೊಂಡು ಹೋಗಿ ಎಂದು ವರ್ಷವರ್ಷವೂ ಕೇಳುತ್ತಿದ್ದಳು. ಮದುವೆ ಕಾಲದ ಹೊಲಿಗೆ ಮುಗಿಯಲಿ, ಹಬ್ಬದ ಹೊಲಿಗೆ ಮುಗಿಯಲಿ ಎಂದು ನಾನು ಮುಂದೂಡುತ್ತಲೇ ಇದ್ದೆ. ತಿಪಟೂರಿನಿಂದ ಗವಿಗುಡ್ಡಕ್ಕೆ ಬಸ್ಸಿನಲ್ಲಿ ಬರೀ ಮುಕ್ಕಾಲು ಗಂಟೆ. ಹೋದ ವರ್ಷ ಅವಳು ತೀರಿಕೊಂಡಳು.

ಇದನ್ನೆಲ್ಲ ಕಳೆದ ತಿಂಗಳು ಬಂದಾಗಲೇ ತಮ್ಮ ಕೊಠಡಿಯಲ್ಲಿ ನಿಂತು ಹೇಳಿ, ರಫು ಮಾಡಲು ಅನುಮತಿ ಕೇಳಿದೆ. ತಾವು ಫೋನಿನಿಂದ ತಲೆಯೆತ್ತಿ, "ದಾಖಲೆ ಐತಾ? ಜನ ಬರೋದೇ ಆ ತೂತು ನೋಡಕ್ಕೆ ಕಣ್ರೀ" ಎಂದಿರಿ. ಸತ್ಯವಾದ ಮಾತು. ಆದ್ದರಿಂದ ನನ್ನ ಜನನ ಪತ್ರವನ್ನು ೧೬೬೦ಕ್ಕೆ ತಿದ್ದಿಸಿಕೊಡಬೇಕಾಗಿಯೂ, ನಮ್ಮ ಇಸ್ತ್ರಿಪೆಟ್ಟಿಗೆಯನ್ನು ಶತ್ರುಸೈನ್ಯದ ಫಿರಂಗಿ ಎಂದು ಘೋಷಿಸಿ ಎದುರುಗಡೆ ಇರಿಸಬೇಕಾಗಿಯೂ, ಆ ತಣ್ಣನೆಯ ಚಹಾವನ್ನು ಯುದ್ಧಕ್ಕೆ ಕಾರಣವೆಂದು ಶಾಲೆಯ ಪಾಠದಲ್ಲಿ ಸೇರಿಸಬೇಕಾಗಿಯೂ ವಿನಂತಿಸುತ್ತೇನೆ. ಅಂದು ಜಗಳ ತೆಗೆದವನು ನಾನೇ ಎಂದು ಬರೆದುಕೊಡಲು ಸಿದ್ಧನಿದ್ದೇನೆ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಕಳೆದ ಸೋಮವಾರ, ತಮ್ಮಲ್ಲಿ ರಜೆ ಇದ್ದಾಗ, ಮತ್ತೆ ಬಂದಿದ್ದೆ. ಧೂಳು ಹೊಡೆಯಲು ಗಾಜಿನ ಪೆಟ್ಟಿಗೆಯ ಬಾಗಿಲು ತೆರೆದಿತ್ತು. "ನಾನು ಆ ಕಡೆ ಗುಡಿಸ್ತಿರ್ತೀನಿ, ನೀವು ಬ್ಯಾಗ ಮುಗುಸ್ಕಳಿ" ಎಂದವರ ಹೆಸರನ್ನು ನನ್ನ ವಯಸ್ಸಿನ ಕಾರಣ ಸಂಪೂರ್ಣ ಮರೆತಿದ್ದೇನೆ, ಎಷ್ಟು ವಿಚಾರಿಸಿದರೂ ನೆನಪಾಗುವ ಸಂಭವವಿಲ್ಲ. ದಾರ ಎರಡು ಸಲ ತುಂಡಾಯಿತು. ಹಬೀಬುನ್ನೀಸಾ ಮಾಡಿದ್ದರೆ ಎಲ್ಲಿ ಹೊಲಿದಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ನಾನು ಮಾಡಿದ್ದು ಸ್ವಲ್ಪ ಗೊತ್ತಾಗುತ್ತದೆ. ಪಾಳೇಗಾರರ ಗಾಯ ವಾಸಿಯಾಗಿದೆ. ಫಲಕವನ್ನು ತಮ್ಮ ಅನುಕೂಲದಂತೆ ತಿದ್ದಿಸಿಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿ,
ಮುನ್ನೂರು ಚಿಲ್ಲರೆ ವರ್ಷದ ದರ್ಜಿ
ಖುದ್ದೂಸ್, ತಿಪಟೂರು

ವಿ.ಸೂ.: ಪಕ್ಕದ ಕೋಣೆಯ 'ರಾಣಿಯ ಪಟ್ಟದ ಸೀರೆ'ಯ ಬಗ್ಗೆ ನಾನು ಒಂದಕ್ಷರವೂ ಬರೆಯುವುದಿಲ್ಲ. ಅದನ್ನು ಉಟ್ಟು ಹಳೆಯದಾದ ಮೇಲೆ ಮರುಳಪ್ಪನವರಿಗೆ ಕೊಟ್ಟ ಕಲ್ಲಮ್ಮನವರು ಕಂದಿಕೆರೆಯಲ್ಲಿ ಆರೋಗ್ಯವಾಗಿದ್ದಾರೆ. ಮೂವತ್ತು ವರ್ಷ ಕನ್ನಡ ಮೇಡಂ ಆಗಿದ್ದವರು. ಅವರ ಪತ್ರದಲ್ಲಿ ನನ್ನಷ್ಟು ವಿನಯ ಇರಲಾರದು.