ಥರ್ಮಾಸಿನೊಳಗಿನ ತುಪ್ಪ

ಅವತ್ತು ಅಮಾವಾಸ್ಯೆ. ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ ರಂಗೋಲಿ ಎಳೆದೆ. ಎಮ್ಮೆಗೆ ಕಣಕಿ ಹಾಕಿ ಹಾಲು ಕರೆದೆ. ಒಲೆ ಸಾರಿಸಿ, ಕುಂಕುಮವಿಟ್ಟು ಬೆಂಕಿ ಹೂಡಿದೆ. ಜೋಳದ ರೊಟ್ಟಿ ಬಡಿದೆ. ಎಣ್ಣೆಗಾಯಿ ಬದನೆ ಮಾಡಿದೆ. ಶೇಂಗಾ ಹಿಂಡಿ ಕುಟ್ಟಿದೆ. ಹೂರಣ ರುಬ್ಬಿ ದೇವಿಯ ನೈವೇದ್ಯಕ್ಕೆಂದು ಹೋಳಿಗೆ ಬೇಯಿಸಿದೆ. ಮನೆಯವರ ಕಳೆದುಹೋದ ಟೊಪ್ಪಿಗೆಯನ್ನು ಅವರ ತಲೆದಿಂಬಿನ ಕೆಳಗಿಂದಲೇ ತೆಗೆದುಕೊಟ್ಟೆ. ಬುತ್ತಿ ಕಟ್ಟಿದೆ. ಇಷ್ಟೆಲ್ಲ ಆದ ಮೇಲೆ ಒಂದು ಬಾಟಲಿ ತೊಳೆಯಲು ಕೂತೆ. ಮೇಲೆ ಹೇಳಿದ ಕೆಲಸಗಳೆಲ್ಲ ಸೇರಿ ಎಷ್ಟು ಹೊತ್ತು ತಿಂದಿದ್ದವೋ ಅಷ್ಟನ್ನು ಆ ಬಾಟಲಿ ಒಂದೇ ತಿಂದಿತು.

ಹೊಸ ವಸ್ತು ಮನೆಗೆ ಬಂದರೆ ಕೆಲಸ ಕಡಿಮೆಯಾಗುತ್ತದೆ ಎಂದು ಗಂಡಸರು ಹೇಳುತ್ತಾರೆ. ಹೇಳುವುದು ಅವರು, ತೊಳೆಯುವುದು ನಾವು, ಹಾಗಾಗಿ ಈ ವಿಷಯದಲ್ಲಿ ಅವರಿಗೂ ನಮಗೂ ಒಮ್ಮತ ಬರುವುದಿಲ್ಲ. ನನ್ನ ಅನುಭವ ಹೇಳುತ್ತೇನೆ. ಹೊಸ ವಸ್ತು ಹೊಸ ಸೊಸೆಯ ಹಾಗೆ. ಅದು ಎಂಥ ಊರಿಂದ ಬಂದಿರಲಿ, ಎಷ್ಟು ಕಲಿತು ಬಂದಿರಲಿ, ಒಳಗೆ ಕಾಲಿಟ್ಟ ಮೇಲೆ ಈ ಮನೆಯ ರೀತಿಗೆ, ಈ ಓಣಿಯ ರಿವಾಜಿಗೆ ಹೊಂದಿಕೊಳ್ಳಬೇಕು. ಹೊಂದಿಕೊಳ್ಳುವ ತನಕ ಒದ್ದಾಡುವವರು ಮನೆಯ ಹೆಂಗಸರು.

ನಮ್ಮ ಮನೆಯವರದು ಅಫಜಲಪುರದಲ್ಲಿ ಅರಿವೆ ಅಂಗಡಿ. ಮಾಲು ತರಲು ಸೊಲ್ಲಾಪುರಕ್ಕೆ ಹೋಗುತ್ತಾರೆ. ಹೋದಾಗಲೆಲ್ಲ ಸೀರೆಗಳ ಗಂಟಿನ ಜೊತೆಗೆ ಯಾರೂ ಕೇಳದ ಒಂದು ವಸ್ತು ಬರುತ್ತದೆ. ಒಮ್ಮೆ ತಾನೇ ಗಡ್ಡ ಹೆರೆಯುವ ಯಂತ್ರ ಬಂತು. ಅದನ್ನು ಬಳಸಿದ ಮೊದಲ ವಾರ ಅಂಗಡಿಗೆ ಬಂದ ಗಿರಾಕಿಗಳು ಬಟ್ಟೆ ಕೇಳುವ ಮೊದಲು ಬೆಕ್ಕು ಪರಚಿತೇನು ಎಂದು ಕೇಳುತ್ತಿದ್ದರು. ಇನ್ನೊಮ್ಮೆ ಬ್ಯಾಟರಿ ದೀಪ ಬಂತು. ಅದನ್ನು ಹಗಲು ಹೊತ್ತಿನಲ್ಲಿ ಹಿಡಿದು ಹಿಡಿದು ತೋರಿಸಿ, ಕತ್ತಲಾಗುವಷ್ಟರಲ್ಲಿ ಅದರ ಜೀವ ಹೋಗಿತ್ತು. ಈ ಸಲ ಬಂದದ್ದು ಥರ್ಮಾಸು. ಹೊರಗೆ ನೀಲಿ ತಗಡಿನ ಅಂಗಿ, ಒಳಗೆ ಕನ್ನಡಿಯಂತೆ ಹೊಳೆಯುವ ಗಾಜು, ಬಾಯಿಗೆ ಬೂಚು, ಬೂಚಿನ ಮೇಲೆ ಬಟ್ಟಲಿನಂಥ ಮುಚ್ಚಳ. ದಾರಿಯ ಸುಂಕದ ನಾಕಾದಲ್ಲಿ ಇದೇನೆಂದು ಗುಮಾಸ್ತ ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದನಂತೆ. ಇವರು ಅದರಲ್ಲಿದ್ದ ಚಹಾವನ್ನು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟರಂತೆ. ಸೊಲ್ಲಾಪುರದಲ್ಲಿ ಕಾಸಿದ ಚಹಾ ಇಲ್ಲಿ ತನಕ ಬಿಸಿ ಇದೆ ಎಂದು ತಿಳಿದ ಮೇಲೆ ಗುಮಾಸ್ತ ಎದ್ದು ನಿಂತೇ ಕುಡಿದನಂತೆ. ಈ ಕಥೆಯನ್ನು ನಮ್ಮವರು ಎಷ್ಟು ಸಲ ಹೇಳಿದ್ದಾರೆಂದರೆ, ಈಗ ಅದರಲ್ಲಿ ನಾಕಾದವರೆಲ್ಲರೂ ಎದ್ದು ನಿಲ್ಲುತ್ತಾರೆ.

ನಾನು ಮೊದಲಿಗೆ ಮೂಗು ಮುರಿದದ್ದು ನಿಜ. ಆದರೆ ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕೂಸಿನ ಬೆನ್ನು ಸವರಿದಂತೆ ಸವರಿ, ಇದರಲ್ಲಿ ಹಾಕಿದ ಚಹಾ ಘತ್ತರಗಿ ತನಕ ಬಿಸಿ ಇರುತ್ತದೆಯೇ ಎಂದು ಕೇಳಿದಾಗ ನಾನು ಸುಮ್ಮನಾದೆ. ಆ ಪ್ರಶ್ನೆಯ ಹಿಂದೆ ಬಹಳ ವರ್ಷಗಳ ಕಥೆ ಇದೆ. ನಮ್ಮವರು ಸಣ್ಣವರಿದ್ದಾಗ ಜ್ವರ ಬಂದು ಮಲಗಿದ್ದರಂತೆ. ಗುಣವಾದರೆ ವರ್ಷಕ್ಕೊಮ್ಮೆ ಅಮಾವಾಸ್ಯೆಗೆ ಭೀಮಾ ತೀರದ ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಬರುತ್ತೇನೆ, ಬಂದ ದಿನ ನಮ್ಮ ಮನೆಯ ಒಲೆಯ ಮೇಲೆ ಆದದ್ದನ್ನು ಬಿಟ್ಟು ಬೇರೇನೂ ಬಾಯಿಗೆ ಹಾಕುವುದಿಲ್ಲ ಎಂದು ಅತ್ತೆ ಹರಕೆ ಹೊತ್ತಿದ್ದರು. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುವ ಕಾಲದಲ್ಲಿ ಅದು ತೊಡಕಿನ ಹರಕೆಯೇನಲ್ಲ. ಆಮೇಲೆ ನಮ್ಮ ಮನೆಗೆ ಚಹಾ ಬಂತು. ಇಳಿಹೊತ್ತಿನಲ್ಲಿ ಒಂದು ಬಶಿ ಚಹಾ ಬೀಳದಿದ್ದರೆ ಅತ್ತೆಯ ತಲೆ ಎರಡು ಹೋಳಾಗುತ್ತದೆ. ಹಣೆಗೆ ಬಟ್ಟೆ ಬಿಗಿದುಕೊಂಡು ಮಾತು ನಿಲ್ಲಿಸುತ್ತಾರೆ, ಅವರ ಮಾತಿಗೆ ಹೆದರದ ನಾನು ಆ ಮೌನಕ್ಕೆ ಹೆದರುತ್ತೇನೆ. ನದಿ ದಂಡೆಯಲ್ಲಿ ಮೂರು ಕಲ್ಲು ಹೂಡಿ ಚಹಾ ಕಾಸಿದರೆ ಅದು ಮನೆಯ ಒಲೆಯದಲ್ಲ. ಮನೆಯಲ್ಲೇ ಕಾಸಿ ಒಯ್ದರೆ ಅದು ಚಹಾ ಅಲ್ಲ, ತಣ್ಣಗಿನ ಕಷಾಯ. ಹೀಗಾಗಿ ಕೆಲವು ವರ್ಷಗಳಿಂದ ಅತ್ತೆ ಮೊಣಕಾಲು ನೋವೆಂದು ಹೇಳಿ ಘತ್ತರಗಿಗೆ ಹೋಗುವುದನ್ನೇ ಬಿಟ್ಟಿದ್ದರು. ಮೊಣಕಾಲು ಅಂಗಡಿಗೂ ಬಾವಿಗೂ ಚೆನ್ನಾಗಿ ನಡೆಯುತ್ತಿತ್ತು, ಘತ್ತರಗಿಯ ದಿಕ್ಕಿಗೆ ಮಾತ್ರ ನೋಯುತ್ತಿತ್ತು. ಆದರೆ ಅಮಾವಾಸ್ಯೆ ಬಂತೆಂದರೆ ಆ ದಿಕ್ಕಿಗೆ ಮುಖ ಮಾಡಿ ಕೈಮುಗಿದು ನಿಲ್ಲುವಾಗ ಅವರ ಕಣ್ಣಲ್ಲಿ ನೀರಿರುತ್ತಿತ್ತು. ಅದು ಸುಳ್ಳಲ್ಲ.

ಹಾಗಾಗಿ ಬರುವ ಅಮಾವಾಸ್ಯೆಗೆ ಹೋಗುವುದೆಂದು ಗೊತ್ತಾಯಿತು. ನಡುವೆ ಹದಿನೈದು ದಿನ ಇದ್ದವು, ಅಷ್ಟರಲ್ಲಿ ಓಣಿಗೆ ಥರ್ಮಾಸಿನ ಸುದ್ದಿ ಮುಟ್ಟಿತು.

ನಮ್ಮಲ್ಲಿ ಒಬ್ಬರ ಮನೆಯ ಪಾತ್ರೆ ಇನ್ನೊಬ್ಬರ ಮನೆಗೆ ಹೋಗುವುದು ದಿನದ ಮಾತು. ಹೋದ ಪಾತ್ರೆ ಬರಿದಾಗಿ ತಿರುಗಿ ಬರುವುದಿಲ್ಲ. ಒಂದು ಹಿಡಿ ಜೋಳವೋ, ಬೆಲ್ಲದ ತುಣುಕೋ, ಏನೂ ಇಲ್ಲದಿದ್ದರೆ ಒಂದು ಎಸಳು ಕರಿಬೇವೋ ಹಾಕಿಯೇ ಕೊಡಬೇಕು. ಅಗಲ ಬಾಯಿಯ ಬೋಗುಣಿ, ಪರಾತಗಳಿಗೆಂದು ಹಿರಿಯರು ಮಾಡಿದ ರಿವಾಜು ಇದು. ಈ ಸಪೂರ ಕತ್ತಿನ ಗಾಜಿನ ಸೊಸೆ ಬರುತ್ತಾಳೆಂದು ಅವರಿಗೇನು ಗೊತ್ತಿತ್ತು? ಮೊದಲು ಮಾಸ್ತರರ ಮನೆಯವರು ಆಳಂದಕ್ಕೆ ಹೋಗುವಾಗ ಒಯ್ದರು. ಹುರಿದ ಶೇಂಗಾ ತುಂಬಿ ಕೊಟ್ಟರು. ಕಾಳು ಒಳಗೆ ಹೋದಷ್ಟು ಸುಲಭವಾಗಿ ಹೊರಗೆ ಬರಲಿಲ್ಲ. ನಾನು ಥರ್ಮಾಸನ್ನು ತಲೆಕೆಳಗು ಹಿಡಿದು ಕುಲುಕುವುದು, ಒಳಗೆ ಗಾಜಿದೆ ಎಂದು ನಮ್ಮವರು ಅಂಗಳದಲ್ಲಿ ನಿಂತು ಎದೆ ಹಿಡಿದುಕೊಳ್ಳುವುದು. ಆಮೇಲೆ ಹಕೀಮ ಸಾಹೇಬರ ಮನೆಯಿಂದ ಖಜೂರ ತುಂಬಿ ಬಂತು. ಒಂದೊಂದಾಗಿ ಇಳಿದ ಖಜೂರಗಳು ಒಳಗೆ ಕೂಡಿ ಸಂಸಾರ ಹೂಡಿಬಿಟ್ಟಿದ್ದವು. ಕೊಡೆಯ ಕಡ್ಡಿಯಿಂದ ಅವನ್ನು ಹೊರಗೆ ಎಳೆಯುತ್ತ ನಮ್ಮವರು ಒಂದು ಮಧ್ಯಾಹ್ನ ಅಂಗಡಿ ತೆರೆಯಲಿಲ್ಲ. ಇನ್ನು ಯಾರಿಗೂ ಕೊಡಬೇಡ ಎಂದರು. ಕೇಳಿದ ಪಾತ್ರೆಯನ್ನು ಇಲ್ಲ ಎನ್ನುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಅಮಾವಾಸ್ಯೆಗೆ ಎರಡು ದಿನ ಇದ್ದಾಗ ಎದುರು ಮನೆಯ ಶರಣವ್ವ ಬಂದಳು. ಅವಳ ಮಗಳು ಬಾಣಂತಿ. ಆಗಾಗ ಬಿಸಿನೀರು ಬೇಕು, ಚಳಿಗಾಲ ಬೇರೆ. ಕೊಟ್ಟೆ. ಅಮಾವಾಸ್ಯೆಯ ಹಿಂದಿನ ಸಂಜೆ, ಹೇಳಿದ ಮಾತಿಗೆ ತಪ್ಪದೆ, ತಂದು ಕೊಟ್ಟಳು. ದೀಪ ಹಚ್ಚುವ ಗಡಿಬಿಡಿಯಲ್ಲಿ ನಾನು ಬೂಚು ತೆಗೆದು ನೋಡಲಿಲ್ಲ. ಗೋಡೆಯ ಮಾಡಿನಲ್ಲಿ ಇಟ್ಟೆ.

ಮರುದಿನ ಬುತ್ತಿ ಕಟ್ಟಿ, ಚಹಾ ಕುದಿಯುತ್ತಿದ್ದಾಗ ಬೂಚು ತೆಗೆದೆ. ಒಳಗೆ ತುಪ್ಪ. ಎಮ್ಮೆಯ ತುಪ್ಪ, ಮರಳು ಮರಳಾಗಿ, ಬೆಳ್ಳಗೆ, ಕುತ್ತಿಗೆಯ ತನಕ ಹೆಪ್ಪುಗಟ್ಟಿ ಕೂತಿದೆ. ಗಾಜು ಒಡೆದೀತೆಂದು, ಕಾಸಿದ ತುಪ್ಪ ಆರಿ ಇನ್ನೇನು ಹೆಪ್ಪುಗಟ್ಟುವ ಹೊತ್ತಿಗೆ ಪ್ರೀತಿಯಿಂದ ಸುರಿದಿದ್ದಳು ಪುಣ್ಯಾತ್ಗಿತ್ತಿ. ಬಿಸಿನೀರು ಹಾಕಿ ಕರಗಿಸಿ ಬೋಗುಣಿಗೆ ಬಸಿದೆ. ಮತ್ತೆ ಹಾಕಿದೆ, ಮತ್ತೆ ಬಸಿದೆ. ಬೂದಿ ಹಾಕಿ ತಿಕ್ಕುವಂತಿಲ್ಲ, ಕೈ ಒಳಗೆ ಹೋಗುವುದಿಲ್ಲ. ಕಡಲೆ ಹಿಟ್ಟು ಹಾಕಿ ಕುಲುಕಿದೆ. ಅಂಟುವಾಳದ ನೀರು ಹಾಕಿ ಕುಲುಕಿದೆ. ತುಪ್ಪ ಹೋಯಿತು, ಆದರೆ ಪೂರಾ ಹೋಗಲಿಲ್ಲ. ಹೊರಗೆ ಬಂಡಿ ಬಂದು ನಿಂತಿತ್ತು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ಮೊಣಕಾಲಿನ ಸುದ್ದಿಯನ್ನೇ ತೆಗೆಯದೆ, ನನಗಿಂತ ಮೊದಲು ಬಂಡಿ ಹತ್ತಿ ಕೂತಿದ್ದರು. ನಾನು ಕಣ್ಣು ಮುಚ್ಚಿ ಚಹಾ ಸುರಿದು ಬೂಚು ಜಡಿದೆ.

ದಾರಿಯುದ್ದಕ್ಕೂ ನನ್ನ ಎದೆ ಬಂಡಿಯ ಗಾಲಿಗಿಂತ ಹೆಚ್ಚು ಸಪ್ಪಳ ಮಾಡುತ್ತಿತ್ತು. ಶರಣವ್ವನ ತುಪ್ಪ ಶರಣವ್ವನ ಒಲೆಯದು. ಒಂದು ಹನಿಯಾದರೂ ಅತ್ತೆಯ ಬಾಯಿಗೆ ಹೋದರೆ ಹರಕೆ ಮುರಿಯಿತು, ಅದೂ ಮಗನ ಜೀವಕ್ಕೆಂದು ಹೊತ್ತ ಹರಕೆ. ಹೇಳಿದರೆ ಚಹಾ ಇಲ್ಲ. ಚಹಾ ಇಲ್ಲದಿದ್ದರೆ ತಲೆನೋವು. ಇಷ್ಟು ವರ್ಷಕ್ಕೆ ಹೊರಟ ದರ್ಶನ ಹಣೆಗೆ ಬಟ್ಟೆ ಕಟ್ಟಿಕೊಂಡು ಮುಗಿಯಬೇಕು. ನಮ್ಮವರಿಗೆ ಇದಾವುದೂ ಗೊತ್ತಿಲ್ಲ. ಎದುರು ಬಂದ ಪ್ರತಿ ಬಂಡಿಯವರಿಗೂ ಬೂಚು ತೆಗೆದು ಹಬೆ ತೋರಿಸಬೇಕೆಂದು ಅವರ ಆಸೆ. ನಾನು ಥರ್ಮಾಸನ್ನು ಕೌದಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೊಡಲಿಲ್ಲ. ಅದಕ್ಕೆ ಕೌದಿ ಬೇಕಿಲ್ಲ, ಅದರ ಅಂಗಿ ಅದಕ್ಕೆ ಸಾಕು ಎಂದು ಅವರು ಎಷ್ಟು ತಿಳಿಹೇಳಿದರೂ ನನ್ನ ಹಿಡಿತ ಸಡಿಲಾಗಲಿಲ್ಲ. ಎರಡೂ ಬದಿ ಬಿಳಿಜೋಳದ ಹೊಲ ಹಸಿರಾಗಿ ತೂಗುತ್ತಿತ್ತು. ಅತ್ತೆ ಯಾವುದೋ ಹಾಡು ಗುನುಗುತ್ತಿದ್ದರು. ಅವರು ಹಾಡಿದ್ದನ್ನು ನಾನು ಬಹಳ ದಿನಗಳ ಮೇಲೆ ಕೇಳಿದೆ. ಅದರಿಂದ ನನ್ನ ಸಂಕಟ ಇನ್ನಷ್ಟು ಹೆಚ್ಚಾಯಿತು.

ದರ್ಶನ ಚೆನ್ನಾಗಿ ಆಯಿತು. ಅತ್ತೆ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತು ದೇವಿಯ ಕೂಡ ಮನೆಯ ಸುದ್ದಿಯನ್ನೆಲ್ಲ ಮಾತಾಡಿದರು. ಇಳಿಹೊತ್ತಿಗೆ ನದಿ ದಂಡೆಯಲ್ಲಿ ಬಂಡಿಯ ನೆರಳಿಗೆ ಬಂದು ಕೂತು ನನ್ನ ಮುಖ ನೋಡಿದರು. ನಾನು ಮುಚ್ಚಳಕ್ಕೆ ಚಹಾ ಬಗ್ಗಿಸಿದೆ. ಹಬೆ ಬುಸ್ಸೆಂದು ಎದ್ದಿತು. ನಮ್ಮವರು ತಾವೇ ಹಡೆದವರಂತೆ ಹಿಗ್ಗಿದರು. ಚಹಾದ ಮೇಲೆ ಸಣ್ಣ ಸಣ್ಣ ಬಂಗಾರದ ಹನಿಗಳು ತೇಲುತ್ತಿದ್ದವು. ಅತ್ತೆಯ ಕಣ್ಣು ಮಂದವಾಗಿದೆ, ನೋಡಲಿಕ್ಕಿಲ್ಲ ಎಂದುಕೊಂಡೆ. ಆದರೆ ಮೂಗು ಮಂದವಾಗಿರಲಿಲ್ಲ.

“ಇದು ಶರಣವ್ವನ ತುಪ್ಪ,” ಎಂದರು. “ಆಕಿ ವೀಳ್ಯದೆಲಿ ಹಾಕಿ ಕಾಸ್ತಾಳ. ನಾವು ಹಾಕಂಗಿಲ್ಲ.”

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ನಮ್ಮವರು ನದಿಯ ಆಚೆ ದಂಡೆಯಲ್ಲಿ ಏನೋ ಬಹಳ ಮುಖ್ಯವಾದದ್ದು ಕಂಡವರಂತೆ ಆ ಕಡೆ ತಿರುಗಿದರು. ಅತ್ತೆ ಬಟ್ಟಲು ಕೈಯಲ್ಲಿ ಹಿಡಿದೇ ಇದ್ದರು. ಕೆಳಗೆ ಇಡಲಿಲ್ಲ, ತುಟಿಗೂ ಒಯ್ಯಲಿಲ್ಲ. ಹಬೆ ಅವರ ಮುಖದ ಮೇಲೆ ಹಾಯ್ದು ಹೋಗುತ್ತಿತ್ತು. ಒಮ್ಮೆ ಗುಡಿಯ ಕಡೆ ನೋಡಿದರು, ಒಮ್ಮೆ ಬಟ್ಟಲಿನ ಕಡೆ ನೋಡಿದರು.

“ಥರ್ಮಾಸ ಯಾರದು?”

“ನಮ್ದೇ ಅದರಿ ಅತ್ತಿ.”

“ಪಾತ್ರಿ ಬರಿದ ಕೊಡಬಾರದಂತ ಆಕಿ ತುಂಬಿ ಕೊಟ್ಟಾಳ. ನಮ್ಮ ಪಾತ್ರ್ಯಾಗ ಕುಂತು, ನಮ್ಮ ಹೊಸ್ತಿಲ ದಾಟಿ ಒಳಗ ಬಂದದ್ದು ಯಾರ ಮನೀದು?”

ನಮ್ಮವರು ತಟ್ಟನೆ ಈ ದಂಡೆಗೆ ಮರಳಿ ಬಂದು, “ನಮ್ದೇ ಯವ್ವಾ. ಮಾಲು ಕೈ ಸೇರಿದ ಮ್ಯಾಲ ಗಿರಾಕಿದೇ,” ಎಂದರು.

“ನೀ ಸುಮ್ಮ ಕೂಡಲೇ. ದೇವಿ ಮುಂದ ಅಂಗಡಿ ಹಚ್ಚಬ್ಯಾಡ.” ಆಮೇಲೆ ನನ್ನ ಕಡೆ ತಿರುಗಿ, “ಆ ತುಪ್ಪ ರಾತ್ರಿ ಎಲ್ಲಿತ್ತು?”

“ನಮ್ಮ ಮಾಡಿನ್ಯಾಗ್ರಿ.”

“ಮುಂಜಾನಿ ಯಾವ ಒಲಿ ಮ್ಯಾಲಿನ ನೀರಿಗೆ ಕರಗಿತು?”

“ನಮ್ಮ ಒಲೀ ಮ್ಯಾಲಿಂದ್ರಿ.”

“ಮತ್ತ?” ಎಂದು ಅತ್ತೆ ಗುಡಿಯ ಕಡೆ ಬಟ್ಟಲನ್ನು ಒಂದಿಷ್ಟು ಎತ್ತಿ ತೋರಿಸಿ, ಸೊರ್ ಎಂದು ಕುಡಿದರು. ಇನ್ನೊಂದು ಬಟ್ಟಲು ಹಾಕಿಸಿಕೊಂಡು ಅದನ್ನೂ ಕುಡಿದರು. ಎಲೆ ಒಂಚೂರು ಕಡಿಮೆ ಹಾಕೆಂದು ಶರಣವ್ವನಿಗೆ ಹೇಳಬೇಕು ಎಂದರು. ನನಗೆ ನಗು ತಡೆಯಲಾಗಲಿಲ್ಲ. ಮೊದಲು ನಾನು ನಕ್ಕೆ, ಆಮೇಲೆ ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಯಾವ ಕೋರ್ಟಿನ ಜಡ್ಜನೂ ಚಹಾ ಇಷ್ಟು ಬಿಸಿ ಇರುವಾಗಲೇ ತೀರ್ಪು ಮುಗಿಸಿರಲಿಕ್ಕಿಲ್ಲ.

ಪಕ್ಕದ ಬಂಡಿಯಲ್ಲಿ ಕೊಳಕೂರಿನ ಒಬ್ಬ ಮುದುಕಿ ಇದ್ದಳು. ನಮ್ಮ ನಗು ಕೇಳಿ ಹತ್ತಿರ ಬಂದಳು. ಉಳಿದಿದ್ದ ಚಹಾವನ್ನು ಅವಳಿಗೆ ಕೊಟ್ಟೆವು. ನೀರಿಗೆ ಹೊರಟಿದ್ದೇನೆ, ಇದನ್ನೂ ತೊಳೆದು ತರುತ್ತೇನೆ ಕೊಡು ಎಂದಳು. ನಾನು ಸಂತೋಷದಿಂದ ಕೊಟ್ಟೆ. ಬಹಳ ಹೊತ್ತು ಬಿಟ್ಟು ಬಂದಳು. ಥರ್ಮಾಸು ಭಾರವಾಗಿತ್ತು. ಮೈಗೆ ಕುಂಕುಮ ಹಚ್ಚಿದೆ, ಕತ್ತಿಗೆ ಹೂವು ಸುತ್ತಿದೆ.

“ಬರಿದ ಹ್ಯಾಂಗ ಕೊಡ್ಲಿ ತಂಗಿ?” ಎಂದಳು. “ಗಂಗಿ ತುಂಬೀನಿ. ದೇವಿ ಮೆಟ್ಟಲಕ್ಕ ಮುಟ್ಟಿಸಿ ತಂದೀನಿ.”

ಅತ್ತೆ ಎದ್ದು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅದರ ಜಾಗ ಇನ್ನು ದೇವರ ಜಗುಲಿ ಎಂದು ಅಲ್ಲೇ ಗೊತ್ತಾಯಿತು. ಯಾವಾಗ ಖಾಲಿಯಾಗುತ್ತದೆ ಎಂದು ನಮ್ಮವರು ಬಹಳ ಮೆತ್ತಗೆ ಕೇಳಿದರು. ತೀರ್ಥವನ್ನು ಚೆಲ್ಲುವುದಿಲ್ಲ, ಅಮಾವಾಸ್ಯೆಗೆ ಒಂದು ಉದ್ಧರಣೆ ತೆಗೆದುಕೊಂಡರೆ ಆಯಿತು ಎಂದರು ಅತ್ತೆ. ಒಂದು ಥರ್ಮಾಸಿನಲ್ಲಿ ಎಷ್ಟು ಉದ್ಧರಣೆ ಹಿಡಿಯುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ ನಮ್ಮವರ ಮುಖ, ಮಾಲು ಮಳೆಗೆ ಸಿಕ್ಕ ವ್ಯಾಪಾರಿಯ ಮುಖದಂತಾಯಿತು. ಮುಂದಿನ ಸಲಕ್ಕೆ ಚಹಾದ ಗತಿ ಏನೆಂದು ಕೇಳಿದರೆ, ಸೊಲ್ಲಾಪುರದಲ್ಲಿ ಅಂಗಡಿ ಮುಚ್ಚಿದ್ದಾರೇನು ಎಂದು ಅತ್ತೆ ತಿರುಗಿ ಕೇಳಿದರು. ನನಗಂತೂ ಒಳಗೊಳಗೆ ಹಬ್ಬ. ಇನ್ನು ಅದನ್ನು ಯಾರೂ ಕೇಳುವಂತಿಲ್ಲ, ಯಾರೂ ಏನೂ ತುಂಬುವಂತಿಲ್ಲ, ನಾನು ತೊಳೆಯುವಂತಿಲ್ಲ. ಪಾತ್ರೆ ತುಂಬಿ ಕೊಡುವ ಈ ರಿವಾಜಿನಷ್ಟು ತಲೆ ತಿನ್ನುವುದು ಮತ್ತೊಂದಿಲ್ಲ ಎಂದು ನಮ್ಮವರ ಮುಂದೆ ದೊಡ್ಡ ಭಾಷಣವನ್ನೇ ಮಾಡಿದೆ. ಅವರು ಎಂದೂ ಇಲ್ಲದಂತೆ ನನ್ನ ಮಾತಿಗೆ ತಲೆದೂಗಿದರು.

ರಾತ್ರಿ ಅಲ್ಲೇ ದಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಮುದುಕಿ ಒಂದು ಹಿತ್ತಾಳೆ ಬಟ್ಟಲಲ್ಲಿ ಗಟ್ಟಿ ಮೊಸರು ತಂದುಕೊಟ್ಟಳು. ಅದನ್ನು ಅತ್ತೆ ನಮ್ಮ ತಾಟಿಗೆ ಸುರುವಿಸಿಕೊಂಡರೂ ಮುಟ್ಟಲಿಲ್ಲ. ಹೊಸ್ತಿಲು ದಾಟಿಲ್ಲವಲ್ಲ ಎಂದು ನಮಗೇ ದೂಡಿದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಮೇಲೊಂದು ಹೋಳಿಗೆ. ಉಳಿದ ಎರಡು ಹೋಳಿಗೆಯನ್ನು, ಊಟದ ಮೇಲೆ ನದಿ ನೋಡುತ್ತ ತಿನ್ನುತ್ತೇನೆ, ಇಡು ಎಂದು ನಮ್ಮವರು ಹೇಳಿ ಕೈ ತೊಳೆಯಲು ಹೋದರು. ನಾನು ಮುದುಕಿಯ ಬಟ್ಟಲು ತೊಳೆದು ಒರೆಸಿ, ಅವಳ ಬಂಡಿಗೆ ಹೋಗಿ ಕೊಟ್ಟು, ನಾಲ್ಕು ಮಾತಾಡಿ ಬಂದೆ. ಬಂದು ಬುತ್ತಿಯ ಅರಿವೆ ಮಡಚುವಾಗ ನೋಡುತ್ತೇನೆ, ಅರಿವೆಯಲ್ಲಿ ಹೋಳಿಗೆ ಇಲ್ಲ. ಎರಡನ್ನೂ ನನ್ನ ಕೈಯೇ, ನನ್ನನ್ನು ಒಂದು ಮಾತೂ ಕೇಳದೆ, ಆ ಬಟ್ಟಲಲ್ಲಿ ಹಾಕಿ ಕೊಟ್ಟುಬಿಟ್ಟಿತ್ತು. ಹೋಗಿ ತಿರುಗಿ ಕೇಳುವುದುಂಟೇ? ಏನು ಹೇಳಲಿ ಎಂದು ಯೋಚಿಸುತ್ತ ಕೌದಿ ಹಾಸಿದೆ. ದೇವರು ದೊಡ್ಡವನು. ನಮ್ಮವರು ಬಂದವರೇ, ಒಂದು ಗಳಿಗೆ ಬೆನ್ನು ಹಚ್ಚುತ್ತೇನೆಂದು ಒರಗಿ, ಎಲ್ಲರಿಗಿಂತ ಮೊದಲು ನಿದ್ದೆ ಹೋದರು.