ನಡುವೆ ಒಂದು ಗೇಣು ಜಾಗ

ಅದು ೨೦೦೩ನೇ ಇಸವಿ. ಬಿ.ಎಸ್ಸಿ. ರಸಾಯನಶಾಸ್ತ್ರ ಮುಗಿಸಿ, ಬಸವಕಲ್ಯಾಣದ ಒಂದು ಫೋಟೊ ಸ್ಟುಡಿಯೊದಲ್ಲಿ ಕಂಪ್ಯೂಟರ್ ಡಿಸೈನ್ ಕೆಲಸಕ್ಕೆ ಕುಳಿತಿದ್ದೆ. ನಾನು ಹುಮನಾಬಾದಿನ ಔಷಧಿ ಕಾರ್ಖಾನೆಯ ಲ್ಯಾಬಿಗೆ ಸೇರಬೇಕೆಂಬುದು ಅಪ್ಪನ ಹಟ. "ಚಿತ್ರ ಮಾಡೂದೂ ಒಂದ್ ನೌಕರಿ ಏನೋ? ದೀಪಾವಳಿ ತನಕ ನೋಡ್ತೀನಿ" ಎಂದಿದ್ದ. ಅಷ್ಟರೊಳಗೆ ಇದೂ ಕೆಲಸವೇ ಎಂದು ತೋರಿಸಬೇಕಿತ್ತು. ಆದರೆ ಆ ಕುರ್ಚಿಯಲ್ಲಿ ಕುಳಿತವನಿಗೆ ವಾರಕ್ಕೊಂದು ಇಂಥ ಪ್ರಸಂಗ ತಪ್ಪುತ್ತಿರಲಿಲ್ಲ.

ಕೋಟು

ಹೆಣ್ಣಿನ ಕಡೆಯವರಿಗೆ ಕಳಿಸಲು ಒಬ್ಬ ವರನ ಫೋಟೊ ಬೇಕಿತ್ತು. ಬರೀ ಅಂಗಿಯಲ್ಲಿ ಬಂದಿದ್ದ. ಕಂಪ್ಯೂಟರಿನಲ್ಲಿ ಅವನಿಗೆ ನೀಲಿ ಕೋಟು ತೊಡಿಸಿದೆ. ಕೆಲವು ದಿನ ಬಿಟ್ಟು ತಿರುಗಿ ಬಂದ.

"ಕನ್ಯಾ ಒಪ್ಯಾಳ್ರಿ. ಅದೇ ಕೋಟ್ ಹಾಕ್ಕೊಂಡು ಬಾ ಅಂದಾರ. ಕೊಡ್ರಿ."

"ಅದು ಕಂಪ್ಯೂಟರ್‌ದಾಗ ಅದ."

"ತೆಗೀರಿ ಮತ್ತ."

ಫೋಟೊ ಕೊಟ್ಟು ದರ್ಜಿಯ ಹತ್ತಿರ ಕಳಿಸಿದೆ. ಸಂಜೆಗೆ ದರ್ಜಿಯೇ ಕೊರಳಲ್ಲಿ ಟೇಪು ಹಾಕಿಕೊಂಡು ಬಂದ. "ಮುಂದಿಂದು ತಿಳೀತ್ರಿ. ಹಿಂದ ಹ್ಯಾಂಗ ಅದ? ಅಂವನ್ನ ಸ್ವಲ್ಪ ಹೊಳ್ಳಿಸಿ ತೋರಸ್ರಿ."

ಕುರಿ

ಕುರಿ ಕಾಯುವ ಅಜ್ಜಿಯೊಬ್ಬಳು ಫೋಟೊ ತೆಗೆಸಿಕೊಂಡಳು. ಹಿಂದೆ ಯಾವ ದೃಶ್ಯ ಕೂಡಿಸಲಿ ಎಂದು ಕೇಳಿದೆ. ವಿದೇಶದ ಹಸಿರು ಗುಡ್ಡ ಆರಿಸಿದಳು.

"ಇಷ್ಟು ಹುಲ್ಲು ಅದ, ಒಂದ್ ಕುರೀನೂ ಇಲ್ಲೇನೋ ತಮ್ಮಾ?"

ಸ್ಟುಡಿಯೊದ ಚಿತ್ರಗಳ ಸಿ.ಡಿ.ಯಲ್ಲಿದ್ದ ಬಿಳಿ ಕುರಿಗಳನ್ನು ಹಾಕಿಕೊಟ್ಟೆ. ಅಜ್ಜಿಗೆ ಗಾಬರಿಯಾಯಿತು. "ಇವು ನಮ್ಮವಲ್ಲೋ! ನೋಡಿದವ್ರು ಕದ್ದಾಳ ಅಂತಾರ."

ಮರುದಿನ ಅವಳ ಹಟ್ಟಿಗೇ ಹೋಗಿ ಅವಳ ಕರಿ ಕುರಿಗಳ ಫೋಟೊ ತಂದೆ. ಗುಡ್ಡ ತೆಗೆದುಬಿಡಲೇ ಎಂದೆ.

"ಬ್ಯಾಡ, ಇರ್ಲಿ. ಫೋಟೊದಾಗರ ಹೊಟ್ಟಿ ತುಂಬ ಮೇಯಲಿ."

ಆಯಿಯ ಫೋಟೊ

ಅಪ್ಪನಿಗೂ ಅವನ ತಮ್ಮ, ನಮ್ಮ ಕಾಕಾನಿಗೂ ಹೊಲದ ಬದುವಿನ ಜಗಳವಾಗಿ ಮಾತು ನಿಂತು ವರ್ಷಗಳಾಗಿದ್ದವು. ಅವರ ತಾಯಿ, ನಮ್ಮ ಆಯಿ, ತನ್ನ ಕುರ್ಚಿಯ ಹಿಂದೆ ಇಬ್ಬರು ಮಕ್ಕಳೂ ನಿಂತ ಫೋಟೊ ಬೇಕೆಂದು ಹಟ ಹಿಡಿದಳು. ಇಬ್ಬರೂ ಬೇರೆ ಬೇರೆ ದಿನ ಬಂದು ತೆಗೆಸಿಕೊಂಡರು. ಕಂಪ್ಯೂಟರಿನಲ್ಲಿ ಕೂಡಿಸುವುದು ನನ್ನ ಪಾಲಿಗೆ.

"ನಡುವ ಒಂದ್ ಗೇಣು ಜಾಗ ಬಿಡು" ಎಂದ ಅಪ್ಪ.

"ಒಂದ್ ಮೊಳ ಬಿಡು" ಎಂದ ಕಾಕಾ.

ನಾನು ಸರಾಸರಿ ತೆಗೆದೆ.

ಫೋಟೊ ಊರಿಗೆ ಹೋಯಿತು. ದೀಪಾವಳಿ ವಾರವಿದೆ ಎನ್ನುವಾಗ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿಳಿದರು. ಒಬ್ಬ ಮುಂದಿನ ಬಾಗಿಲಿನಿಂದ, ಇನ್ನೊಬ್ಬ ಹಿಂದಿನದರಿಂದ.

ಕಾಕಾ ನನ್ನ ಮುಂದೆ ಫೋಟೊ ಹಿಡಿದು ಕೇಳಿದ: "ನಿಮ್ಮಪ್ಪ ನನಕಿಂತ ಎತ್ತರ ಹ್ಯಾಂಗ ಆದ?"

ಅಪ್ಪ ತಡೆದುಕೊಳ್ಳಲಿಲ್ಲ. "ಎತ್ತರ ಇದ್ದೀನಿ, ಅದಕ್ಕ ಆಗೀನಿ!"

"ಸುಳ್ಳ ಹೇಳಬ್ಯಾಡ ಅಣ್ಣ."

"ಹಂಗಾದ್ರ ಬಾ, ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲು."

ನಿಂತರು. ಸ್ಟುಡಿಯೊ ಮಾಲೀಕರು ಎರಡು ತಲೆಗಳ ಮೇಲೆ ಅಳತೆ ಪಟ್ಟಿ ಇಟ್ಟರು. ಕಾಕಾ ಒಂದು ಬೆರಳು ಎತ್ತರ. "ಅಂವ ಚಪ್ಪಲ್ ಬಿಟ್ಟಿಲ್ರಿ" ಎಂದ ಅಪ್ಪ. ಇಬ್ಬರಿಗೂ ನಗು ಬಂತು.

ಆಮೇಲೆ ಕಾಕಾ ಕೇಳಿದ: "ನಿನ್ನ ಮಗ ಕಂಪನಿಗೆ ಹೋಗಾಂವ ಇದ್ನಲ್ಲಣ್ಣ?"

"ಕರ್ಯಾಕತ್ತಾರ," ಎಂದ ಅಪ್ಪ, ಗತ್ತಿನಿಂದ. "ಇಂವ ಹೋದ್ರ ಇಲ್ಲಿ ಇಂಥ ಕೆಲಸ ಯಾರು ಮಾಡ್ಬೇಕು?"

ಮರುವಾರ ಊರಿಗೆ ಹೋಗಿ ಮೂವರನ್ನೂ ಕೂಡಿಸಿ ಹೊಸ ಫೋಟೊ ತೆಗೆದೆ. ಕಂಪ್ಯೂಟರ್ ಮುಟ್ಟಲಿಲ್ಲ. ಅಪ್ಪ, ಕಾಕಾರ ನಡುವಿನ ಅಂತರ: ಸೊನ್ನೆ.